ಹಿಮ್ಮೇಳದವರ ಸರದಿ

ನಮ್ಮ ಆಪಾ ಇರುವುದು ಬೆಂಗಳೂರಿನ ಶಿವಾಜಿನಗರದ ಒಂದು ಓಣಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಎರಡು ಮೂರು ತಿಂಗಳಿಗೊಮ್ಮೆ ಯಾವುದಾದರೂ ಕೆಲಸದ ನೆಪದಲ್ಲಿ ನಾವು ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿಯುವುದುಂಟು. ಕಳೆದ ಸಲ ಹೋದಾಗ ಊಟಕ್ಕೆ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಸ್ಟ್ಯಾಂಡಿನ ಮೇಲಿದ್ದ ಸ್ಟೀಲ್ ಲೋಟಗಳು ತಾವಾಗಿಯೇ ನಡುಗತೊಡಗಿದವು. ನಾವು ಗಾಬರಿಯಿಂದ ತಲೆ ಎತ್ತಿದೆವು. ಆಪಾ ಮಾತ್ರ ಚಪಾತಿ ಬಡಿಸುತ್ತಲೇ, "ಏನೂ ಇಲ್ಲ, ನಿನ್ನ ಅಳಿಯ ಸಬಖ್ ಮಾಡ್ತಿದ್ದಾನೆ" ಎಂದರು.

ಅಳಿಯನಿಗೆ ಈಗ ಹತ್ತೊಂಬತ್ತು ವರ್ಷ. ಕಾಲೇಜಿನ ಗೆಳೆಯರೆಲ್ಲ ಸೇರಿ ಸಂಗೀತದ ತಂಡ ಕಟ್ಟಿದಾಗ ಗಿಟಾರ್ ನುಡಿಸುವವರು ಮೂವರಿದ್ದರಂತೆ, ಬೇಸ್ ಗಿಟಾರಿಗೆ ಯಾರೂ ಇರಲಿಲ್ಲವಂತೆ. ಹೀಗಾಗಿ ಇವನ ಪಾಲಿಗೆ ಅದು ಬಂತು. ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಹಳೆಯದೊಂದನ್ನು ಕೊಂಡು ತಂದ. ಎರಡು ವರ್ಷ ಯಾರಿಗೂ ತೊಂದರೆ ಇರಲಿಲ್ಲ. ಈಗ ಅವನಿಗೆ ಒಂದು ಹಠ ಹಿಡಿದಿದೆ. ಮೆಟಲ್ ಸಂಗೀತದಲ್ಲಿ ಗಿಟಾರಿನವನು ಮುಂದೆ ಬಂದು ಬಿರುಗಾಳಿಯಂತೆ ನುಡಿಸುತ್ತಾನಲ್ಲ, ಅಂಥ ಸೋಲೋವನ್ನು ಬೇಸ್ ಗಿಟಾರಿನಲ್ಲಿಯೇ ನುಡಿಸಬೇಕು ಎಂಬ ಹಠ. ಅದಕ್ಕೇ ಲೋಟಗಳ ಈ ನಡುಕ.

ಊಟವಾದ ಮೇಲೆ ಅವನು ಬಂದು ತನ್ನ ಯೋಜನೆಯನ್ನೆಲ್ಲ ನಮಗೆ ವಿವರಿಸಿದ. ಆಪಾ ಪಾತ್ರೆ ತೊಳೆಯುತ್ತ ಕೇಳುತ್ತಿದ್ದವರು ಒಂದು ಪ್ರಶ್ನೆ ಕೇಳಿದರು: "ಗಿಟಾರಿನವನು ಮೇಲೆ ಹೋದಾಗ ನೀನು ಕೆಳಗಿರ್ತೀಯ. ನೀನು ಮೇಲೆ ಹೋದಾಗ ಕೆಳಗೆ ಯಾರಿರ್ತಾರೆ?" ಅಳಿಯ ನಕ್ಕು, "ಅಮ್ಮಿ, ಅದು ಹಾಗಲ್ಲ" ಎಂದ. ಹೇಗೆ ಎಂದು ಮಾತ್ರ ಹೇಳಲಿಲ್ಲ. ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಊರಿಗೆ ಬಂತು.

ಈ ಸಂಗೀತದ ವಿಷಯದಲ್ಲಿ ನಾವು ಅಜ್ಞಾನಿಗಳೇ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ನುಡಿಸಿತು. ಎರಡು ಸಲವೂ ಪತ್ರಿಕೆಯಲ್ಲಿ ಕಪ್ಪು ಅಂಗಿಯ ಹುಡುಗರ ಚಿತ್ರ ನೋಡಿ, ಇದು ನಮ್ಮದಲ್ಲ ಎಂದು ಪುಟ ತಿರುವಿದ್ದೆವು. ಈಗ ಅಳಿಯನ ದೆಸೆಯಿಂದ ಕೇಳುತ್ತಿದ್ದೇವೆ, ಓದುತ್ತಿದ್ದೇವೆ. ಓದಿದಷ್ಟೂ ಆಪಾ ಕೇಳಿದ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಿದೆ. ಹಿಂದೆ ನಿಂತು ಇತರರ ಹಾಡಿಗೆ ನೆಲವಾಗುವವನು ಒಂದು ದಿನ ಮುಂದೆ ಬರಬೇಕೆಂದು ಬಯಸಿದರೆ ಅದು ಅಹಂಕಾರವೇ, ನ್ಯಾಯವೇ?

ಬೇಸ್ ಗಿಟಾರಿನ ಸ್ವಭಾವವನ್ನು ಮೊದಲು ಸ್ವಲ್ಪ ತಿಳಿಯೋಣ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ತಂತಿ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿ ಒಂದು ಸ್ಥಾಯಿ ಕೆಳಗೆ ಇರುತ್ತವೆ. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಿಟಾರಿನದು ಸುಮಾರು 82 ಸಲ. ಗಿಟಾರಿನ ತಂತಿ ಸುಮಾರು 25 ಇಂಚು ಉದ್ದವಾದರೆ ಬೇಸಿನದು ಸಾಮಾನ್ಯವಾಗಿ 34 ಇಂಚು. ಅದರ ದಪ್ಪ ತಂತಿಯನ್ನು ಮುಟ್ಟಿ ನೋಡಿದಾಗ ನಮಗೆ ಸೈಕಲ್ಲಿನ ಬ್ರೇಕ್ ವೈರಿನ ನೆನಪಾಯಿತು. ಅದನ್ನು ಒತ್ತಿ ಹಿಡಿಯಲು ಬೆರಳಿಗೆ ಬಲ ಬೇಕು, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕೈ ಚಾಚಬೇಕು. ಹಿಂದುಸ್ತಾನಿ ಗಾಯಕರು ಮುಂಜಾನೆ ಎದ್ದು ಖರಜಿನ ರಿಯಾಜ್ ಮಾಡುತ್ತಾರಲ್ಲ, ಬೇಸಿನವನ ಬದುಕೆಲ್ಲ ಆ ಖರಜಿನಲ್ಲಿಯೇ. ಡ್ರಮ್ಮಿನ ಪೆಟ್ಟಿಗೂ ಹಾಡಿನ ಸ್ವರಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವುದು ಅವನ ಕೆಲಸ. ಅವನು ಸರಿಯಾಗಿ ನುಡಿಸಿದರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನಿಲ್ಲಿಸಿದಾಗ ಮಾತ್ರ ಏನೋ ಕುಸಿದಂತಾಗುತ್ತದೆ.

ಈ ವಾದ್ಯ ಹುಟ್ಟಿದ ಬಗೆಯೂ ಗಮನಿಸಬೇಕಾದದ್ದು. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ, ಗಲಾಟೆಯ ತಂಡದಲ್ಲಿ ಅದರ ದನಿ ಕೇಳುವುದೂ ಕಷ್ಟ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ವಿದ್ಯುತ್ತಿನ ಬೇಸ್ ಒಂದನ್ನು ಮಾಡಿದ್ದರೂ ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಮನೆಮಾತಾಯಿತು. ಕೊರಳಿಗೆ ನೇತುಹಾಕಿಕೊಳ್ಳಬಹುದು, ಮೆಟ್ಟಿಲುಗಳಿರುವುದರಿಂದ ಸ್ವರ ತಪ್ಪದು, ಯಂತ್ರಕ್ಕೆ ಜೋಡಿಸಿದರೆ ದನಿ ಎಲ್ಲರಿಗೂ ಕೇಳುತ್ತದೆ. ನಾನೂ ಇದ್ದೇನೆ, ಕೇಳಿಸಿಕೊಳ್ಳಿ ಎಂಬ ಬಯಕೆ ಈ ವಾದ್ಯದ ಹುಟ್ಟಿನಲ್ಲೇ ಇದೆ ಎಂದಾಯಿತು.

ಮೆಟಲ್ ಸಂಗೀತದ ಆರಂಭದಲ್ಲಿಯೂ ಈ ಬಯಕೆ ಕಾಣುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಿಂದ ಬಂದ ಬ್ಲ್ಯಾಕ್ ಸಬತ್ ತಂಡದ ಗೀಸರ್ ಬಟ್ಲರ್ ಮೊದಲು ಗಿಟಾರಿನವರೇ. ತಂಡಕ್ಕೆ ಇನ್ನೊಬ್ಬ ಗಿಟಾರಿನವನು ಬೇಡವಾಗಿದ್ದರಿಂದ ಬೇಸಿಗೆ ಬಂದರು, ನಮ್ಮ ಅಳಿಯನ ಹಾಗೆ. 1970ರಲ್ಲಿ ಬಂದ ಆ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಒಂದು ಹಾಡು ಅವರ ಬೇಸ್ ಸೋಲೋದಿಂದಲೇ ತೆರೆದುಕೊಳ್ಳುತ್ತದೆ. 1975ರಲ್ಲಿ ಐರನ್ ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್ ಕೂಡ ಬೇಸಿನವರೇ. ಆ ತಂಡದ ಹೆಚ್ಚಿನ ಹಾಡುಗಳನ್ನು ಬರೆದವರೂ ಅವರೇ. ಯಕ್ಷಗಾನ ಬಲ್ಲವರಿಗೆ ಇದು ವಿಚಿತ್ರವೆನಿಸದು. ಅಲ್ಲಿಯೂ ಭಾಗವತರು ಕೂರುವುದು ಹಿಮ್ಮೇಳದಲ್ಲಿ, ಆಟ ನಡೆಯುವುದು ಅವರ ಕೈಯಲ್ಲಿ.

ಆದರೆ ಅಳಿಯನ ಆರಾಧ್ಯ ದೈವ ಬೇರೆ. ಅವನ ಕೋಣೆಯ ಗೋಡೆಯ ಮೇಲೆ ಉದ್ದ ಕೂದಲಿನ ಒಬ್ಬ ತರುಣನ ಚಿತ್ರವಿದೆ: ಮೆಟಾಲಿಕಾದ ಕ್ಲಿಫ್ ಬರ್ಟನ್. 1962ರಲ್ಲಿ ಹುಟ್ಟಿದ ಈತ ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋ ವ್ಯಾಲಿಯವನು. ಚಿಕ್ಕಂದಿನಲ್ಲಿ ಪಿಯಾನೋ ಕಲಿತವನು, ಬಾಖ್‌ನ ಸಂಗೀತವನ್ನು ಪ್ರೀತಿಸಿದವನು. 1975ರಲ್ಲಿ ಅಣ್ಣ ಸ್ಕಾಟ್ ತೀರಿಕೊಂಡ. ಆ ಸಾವಿನ ನಂತರ ಹದಿಮೂರರ ಈ ಹುಡುಗ ಬೇಸಿಗೆ ತನ್ನನ್ನು ಒಪ್ಪಿಸಿಕೊಂಡ. ಅಣ್ಣನಿಗಾಗಿ ಅತ್ಯುತ್ತಮನಾಗುತ್ತೇನೆ ಎಂಬುದು ಅವನ ಸಂಕಲ್ಪವಾಗಿತ್ತೆಂದು ಮನೆಯವರು ನೆನೆದಿದ್ದಾರೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಅಭ್ಯಾಸ ಮಾಡುತ್ತಿದ್ದ, ಹೆಸರು ಬಂದ ಮೇಲೂ ಅದನ್ನು ಬಿಡಲಿಲ್ಲ ಎಂದು ಅವನ ತಾಯಿ ಹೇಳಿದ್ದಾರೆ.

1982ರಲ್ಲಿ ಲಾಸ್ ಏಂಜಲೀಸಿನಲ್ಲಿ ಅವನು ಬೇರೊಂದು ತಂಡದಲ್ಲಿ ನುಡಿಸುತ್ತಿದ್ದಾಗ ಮೆಟಾಲಿಕಾದ ಇಬ್ಬರು ಕೇಳಿಸಿಕೊಂಡರು. ಯಾವುದೋ ಗಿಟಾರ್ ಸೋಲೋ ಎಂದು ಅವರು ಮೊದಲು ಭಾವಿಸಿದರಂತೆ. ಹುಡುಕಿ ನೋಡಿದರೆ ಬೇಸ್! ನಮ್ಮ ತಂಡಕ್ಕೆ ಬಾ ಎಂದು ಕರೆದರು. ನಾನು ನನ್ನ ಊರು ಬಿಟ್ಟು ಬರುವುದಿಲ್ಲ ಎಂದ. ಕೊನೆಗೆ ಇಡೀ ತಂಡವೇ ಲಾಸ್ ಏಂಜಲೀಸ್ ಬಿಟ್ಟು ಅವನಿದ್ದ ಸ್ಯಾನ್ ಫ್ರಾನ್ಸಿಸ್ಕೋ ಸೀಮೆಗೆ ಗಂಟುಮೂಟೆ ಕಟ್ಟಿತು. ಹಿಮ್ಮೇಳದವನಿಗಾಗಿ ಮುಮ್ಮೇಳ ಊರು ಬದಲಿಸಿದ ಕಥೆ ಇದು.

1983ರಲ್ಲಿ ಬಂದ ಮೆಟಾಲಿಕಾದ ಮೊದಲ ಧ್ವನಿಮುದ್ರಿಕೆಯಲ್ಲಿ 'ಅನಸ್ತೀಸಿಯಾ' ಎಂಬ ನಾಲ್ಕು ನಿಮಿಷ ಚಿಲ್ಲರೆಯ ತುಣುಕಿದೆ. ಗಿಟಾರಿಲ್ಲ, ಹಾಡಿಲ್ಲ. ಮೊದಲ ಅರ್ಧದಲ್ಲಿ ಬರ್ಟನ್ನನ ಬೇಸ್ ಒಂದೇ. ಡ್ರಮ್ ಬಂದು ಸೇರುವುದು ಆಮೇಲೆ. ಅಳಿಯ ಕಲಿಯಲು ಹೊರಟಿರುವುದು ಇದನ್ನೇ.

ಅವನು ಕಲಿಯುವ ರೀತಿಯನ್ನು ನಾವು ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿದೆವು. ವೇಗವಾಗಿ ನುಡಿಸುವುದೇ ಕಲಿಕೆ ಎಂದುಕೊಂಡಿದ್ದ ನಮಗೆ ಆಶ್ಚರ್ಯವಾಯಿತು. ತಾಳದ ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ನಾಲ್ಕು ಸ್ವರದಂತೆ, ಒಂದೇ ಸಾಲನ್ನು ಅರ್ಧ ಗಂಟೆ ನುಡಿಸಿದ. ಬಲಗೈಯ ತೋರುಬೆರಳು, ನಡುಬೆರಳು ಸರದಿಯಂತೆ ತಂತಿ ಮೀಟಬೇಕು. ಎಡಗೈ ಬೆರಳು ಕೆಲವೊಮ್ಮೆ ಸುತ್ತಿಗೆಯಂತೆ ಬಿದ್ದು, ಕೆಲವೊಮ್ಮೆ ತಂತಿಯನ್ನು ಎಳೆದು ಬಿಟ್ಟು, ಮೀಟದೆಯೇ ಸ್ವರ ಹುಟ್ಟಿಸಬೇಕು. ಒಂದು ಸ್ವರ ಮಸುಕಾದರೂ ಬಡಿತ ಹೆಚ್ಚಿಸುವಂತಿಲ್ಲ. ಮಣಿಕಟ್ಟು ನೋಯಲು ಶುರುವಾದರೆ ಅಂದಿಗೆ ಮುಗಿಸಬೇಕು. ಇವೆಲ್ಲ ಅವನಿಗೆ ಕಲಿಸುವವರ ಕಟ್ಟಪ್ಪಣೆ.

ಆಮೇಲೆ ಅವನು ಕಾಲಿನ ಬಳಿಯ ಪೆಡಲನ್ನು ಒತ್ತಿದ. ತಂತಿಯ ಮೆದು ದನಿ ಹರಿತವಾಗಿ, ಒರಟಾಗಿ, ಉದ್ದವಾಗಿ ಎಳೆಯತೊಡಗಿತು. ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ದನಿಯ ಅಲೆಯ ತುದಿಗಳನ್ನು ಕತ್ತರಿಸಿದಾಗ ಅದರೊಳಗೆ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಸಣ್ಣ ದನಿಯೂ ದೊಡ್ಡದಾಗುತ್ತದೆ. ತೊಂದರೆ ಶುರುವಾಗುವುದೂ ಇಲ್ಲಿಯೇ. ನುಡಿಸದ ತಂತಿಯ ಮೇಲೆ ಬೆರಳು ಸವರಿದರೂ ಅದು ಕಿರುಚುತ್ತದೆ. ಆದ್ದರಿಂದ ಒಂದು ತಂತಿ ನುಡಿಯುವಾಗ ಉಳಿದ ಮೂರನ್ನು ಎರಡೂ ಕೈಗಳ ಬಿಡುವಿನ ಬೆರಳುಗಳಿಂದ, ಅಂಗೈಯ ಅಂಚಿನಿಂದ ಮೆಲ್ಲಗೆ ಮುಟ್ಟಿ ಸುಮ್ಮನಿರಿಸಬೇಕು. "ಮಾಮು, ನುಡಿಸೋದು ಅರ್ಧ ಕೆಲಸ. ನುಡಿಯದ ಹಾಗೆ ಹಿಡಿಯೋದು ಇನ್ನರ್ಧ" ಎಂದ ಅಳಿಯ. ಒಂದು ದನಿ ಸ್ಪಷ್ಟವಾಗಿ ಕೇಳಬೇಕಾದರೆ ಪಕ್ಕದ ಮೂರು ದನಿಗಳು ಸುಮ್ಮನಿರಬೇಕು ಎಂಬ ಈ ಮಾತು ನಮಗೆ ಸಂಗೀತದ್ದು ಮಾತ್ರ ಎನಿಸಲಿಲ್ಲ.

ಇನ್ನೊಂದು ಸಂಗತಿ. ತೀರಾ ಕೆಳಗಿನ ಸ್ಥಾಯಿಯಲ್ಲಿ ಸ್ವರಗಳು ಒತ್ತೊತ್ತಾಗಿ ಬಂದರೆ ಕಿವಿಗೆ ಎಲ್ಲ ಕಲಸುಮೇಲೋಗರ. ಹಾಗಾಗಿ ಬೇಸಿನಲ್ಲಿ ಸೋಲೋ ನುಡಿಸುವವನು ಹೆಚ್ಚಾಗಿ ಮೇಲಿನ ಮೆಟ್ಟಿಲುಗಳಿಗೆ ಏರಬೇಕಾಗುತ್ತದೆ. ಅವನು ಏರಿದ ಕೂಡಲೇ ಕೆಳಗೆ ಜಾಗ ಖಾಲಿ. ಗಿಟಾರಿನವನು ಸೋಲೋಗೆ ಹೊರಟಾಗ ಹಾಡಿನ ನೆಲ ಹಾಗೆಯೇ ಇರುತ್ತದೆ. ಬೇಸಿನವನು ಹೊರಟಾಗ ನೆಲವೇ ಎದ್ದು ಹೊರಟಂತೆ. ಆಪಾ ಸಂಗೀತ ಕಲಿತವರಲ್ಲ. ಆದರೂ ಅವರ ಪ್ರಶ್ನೆ ನೇರವಾಗಿ ಈ ಖಾಲಿ ಜಾಗಕ್ಕೇ ಕೈ ಹಾಕಿತ್ತು.

ಹಾಗಾದರೆ ಬೇಸಿನವನು ಹಿಂದೆಯೇ ಇರಬೇಕೇ? ಇರಲಿ ಎನ್ನುವುದು ಮುಂದೆ ನಿಂತವರಿಗೆ ಬಹಳ ಸುಲಭ. ವಿನಯವೇ ದೊಡ್ಡ ಗುಣ, ತೆರೆಮರೆಯ ಕಾಯೇ ಶ್ರೇಷ್ಠ ಎಂಬ ಉಪದೇಶ ಹೆಚ್ಚಾಗಿ ಮರದ ತುದಿಯ ಹಣ್ಣಿನಿಂದಲೇ ಬರುತ್ತದೆ. ನಮ್ಮ ದೇಶದ ಸಾರಂಗಿಯವರನ್ನು ನೆನೆಯಿರಿ. ಗಾಯಕನ ಪ್ರತಿ ಸ್ವರದ ಹಿಂದೆ ನೆರಳಿನಂತೆ ನಡೆದವರು ಅವರು. ಎಷ್ಟೋ ರಾಗ, ಎಷ್ಟೋ ಬಂದಿಶ್ ಅವರ ನೆನಪಿನಲ್ಲಿ ಬದುಕಿದವು. ಮರ್ಯಾದೆ ಮಾತ್ರ ಗಾಯಕರಿಗೆ. 1950ರ ದಶಕದಲ್ಲಿ ಪಂಡಿತ್ ರಾಮ್ ನಾರಾಯಣ್ ಏಕವಾದನಕ್ಕೆ ಹೊರಟರು. ಮುಂದೆ ಪಕ್ಕವಾದ್ಯವನ್ನು ಬಿಟ್ಟೇಬಿಟ್ಟರು. ಸಾರಂಗಿ ಒಬ್ಬಂಟಿಯಾಗಿ ಸಭೆ ನಡೆಸಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದು ಅವರಿಂದ. 2024ರಲ್ಲಿ ಅವರು ತೀರಿಕೊಂಡಾಗ ಅದನ್ನು ಅಹಂಕಾರವೆಂದು ಯಾರೂ ಕರೆಯಲಿಲ್ಲ. ಹಿಂದೆ ನಿಂತವನಿಗೆ ಹೇಳಲು ಏನೂ ಇಲ್ಲ ಎಂದುಕೊಳ್ಳುವುದೇ ನಿಜವಾದ ಅಹಂಕಾರ.

ಮೆಟಾಲಿಕಾದ ಚರಿತ್ರೆಯಲ್ಲಿಯೇ ಇದಕ್ಕೊಂದು ಕಹಿ ಉದಾಹರಣೆಯಿದೆ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ಬರ್ಟನ್ ಸತ್ತ. ಅವನಿಗಿನ್ನೂ ಇಪ್ಪತ್ತನಾಲ್ಕು ವರ್ಷ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರಲ್ಲಿ ತಂಡದ ಮುಂದಿನ ಧ್ವನಿಮುದ್ರಿಕೆ ಬಂತು. ನ್ಯೂಸ್ಟೆಡ್ ಅದರಲ್ಲಿ ಬೇಸ್ ನುಡಿಸಿದ್ದರು. ಆದರೆ ಅಂತಿಮ ಮಿಶ್ರಣದಲ್ಲಿ ಅದು ಕೇಳಿಸುವುದೇ ಇಲ್ಲ ಎನ್ನುವಷ್ಟು ತಗ್ಗಿಹೋಗಿತ್ತು. ಇಂದಿಗೂ ಆ ಸಂಗೀತದ ಪ್ರಿಯರು ಇದನ್ನು ಆಡಿಕೊಳ್ಳುತ್ತಾರೆ. ಆ ಧ್ವನಿಮುದ್ರಿಕೆಯ ಹೆಸರಿನಲ್ಲಿ 'ಎಲ್ಲರಿಗೂ ನ್ಯಾಯ' ಎಂಬ ಅರ್ಥದ ಮಾತಿದೆ. ಒಬ್ಬ ಮನುಷ್ಯ ತನ್ನ ಪಾಲಿನ ಕೆಲಸವನ್ನೆಲ್ಲ ಮಾಡಿದ್ದಾನೆ. ಕೊನೆಯ ಲೆಕ್ಕದಲ್ಲಿ ಅವನು ಇಲ್ಲ.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾರಣ ಹೇಳಲೇಬೇಕು.

ನಾವು ಉರ್ದು ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಾಗ ಅಬ್ಬಾ ತೀರಿಕೊಂಡರು. ಅದೇ ಶಾಲೆಯಲ್ಲಿ ಏಳನೆಯದರವರೆಗೆ ಓದಿ ಬಿಟ್ಟಿದ್ದ ಆಪಾ ಹೊಲಿಗೆ ಯಂತ್ರದ ಮುಂದೆ ಕುಳಿತರು. ರವಿಕೆ, ಸೀರೆಗೆ ಫಾಲ್, ಪಿಕೋ, ಹಬ್ಬದ ಮುಂದೆ ಮಕ್ಕಳ ಕುರ್ತಾ. ನಮ್ಮನ್ನು ಕನ್ನಡ ಹೈಸ್ಕೂಲಿಗೆ ಸೇರಿಸಿದ್ದು, ಕಾಲೇಜಿಗೆ ಕಳಿಸಿದ್ದು ಆ ಯಂತ್ರ. ರಾತ್ರಿ ನಾವು ಓದುವಾಗ ಪಕ್ಕದಲ್ಲಿ ಅದರ ಸದ್ದು ಇದ್ದೇ ಇರುತ್ತಿತ್ತು. ಅದು ನಿಂತರೆ ನಮಗೆ ಓದಲಾಗುತ್ತಿರಲಿಲ್ಲ. ಮುಂದೆ ನಾವು ಕಥೆ ಬರೆದೆವು, ಸಂಕಲನ ಬಂತು. ಅದರ ಮೊದಲ ಪುಟಗಳಲ್ಲಿ ಪ್ರಕಾಶಕರಿಗೆ, ಮುನ್ನುಡಿ ಬರೆದವರಿಗೆ, ಮುಖಪುಟ ಮಾಡಿದವರಿಗೆ, ಕರಡು ತಿದ್ದಿದ ಗೆಳೆಯನಿಗೆ, ಕಥೆ ಪ್ರಕಟಿಸಿದ ಎಲ್ಲ ಸಂಪಾದಕರಿಗೆ ಕೃತಜ್ಞತೆ ಹೇಳಿದ್ದೇವೆ. ಆಪಾರ ಹೆಸರಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಹೊಳೆಯಲೇ ಇಲ್ಲ. ನಿಂತ ನೆಲಕ್ಕೆ ಯಾರಾದರೂ ಕೃತಜ್ಞತೆ ಬರೆಯುತ್ತಾರೆಯೇ?

ನ್ಯೂಸ್ಟೆಡ್‌ರ ಬೇಸನ್ನು ತಗ್ಗಿಸಿದವರ ಬಗ್ಗೆ ಸಿಟ್ಟಾಗುವ ಮೊದಲು ನಮ್ಮ ಪುಸ್ತಕವನ್ನು ತೆರೆದು ನೋಡಬೇಕಾಯಿತು.

ಆದರೆ ಆಪಾರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಬರ್ಟನ್ನನಲ್ಲಿಯೇ. 1986ರಲ್ಲಿ, ಅವನು ಸಾಯುವ ಕೆಲವು ತಿಂಗಳ ಮುಂಚೆ ಬಂದ ಧ್ವನಿಮುದ್ರಿಕೆಯಲ್ಲಿ 'ಒರಾಯನ್' ಎಂಬ ಎಂಟು ನಿಮಿಷಕ್ಕೂ ಮೀರಿದ ರಚನೆಯಿದೆ. ಅದರಲ್ಲಿ ಹಾಡುಗಾರಿಕೆ ಇಲ್ಲ, ವಾದ್ಯಗಳು ಮಾತ್ರ. ನಡುವಿನಲ್ಲಿ ಎಲ್ಲ ಅಬ್ಬರ ನಿಂತು ಬೇಸ್ ಒಂದೇ ನಿಧಾನವಾಗಿ ನಾಲ್ಕು ಹೆಜ್ಜೆ ಇಡುತ್ತದೆ. ಗಿಟಾರುಗಳು ಒಂದೊಂದಾಗಿ ಬಂದು ಆ ಹೆಜ್ಜೆಯ ಮೇಲೆ ತಮ್ಮ ಮನೆ ಕಟ್ಟುತ್ತವೆ. ಬೇರೆ ಕಡೆಗಳಲ್ಲಿ ಬೇಸ್ ತಾನೇ ಮೇಲೇರಿ ಹಾಡುತ್ತದೆ. ಆಗ ಗಿಟಾರುಗಳು ಕೆಳಗಿಳಿದು ನೆಲ ಹಿಡಿಯುತ್ತವೆ. ಕೇಳುವವರಿಗೆ ಈಗ ನುಡಿಯುತ್ತಿರುವುದು ಗಿಟಾರೋ ಬೇಸೋ ಎಂದು ತಿಳಿಯದಷ್ಟು ಈ ಕೊಡುಕೊಳ್ಳುವಿಕೆ ನಯವಾಗಿದೆ. 1983ರಲ್ಲಿ ಅವನು ಒಬ್ಬನೇ ಎದ್ದು ನಿಂತು, ನನಗೂ ದನಿಯಿದೆ ಎಂದು ತೋರಿಸಿದ್ದ. ಅದು ಆಗಬೇಕಾಗಿತ್ತು. ಮೂರು ವರ್ಷದ ನಂತರ ಅವನು ಎದ್ದಾಗ ಉಳಿದವರು ಅವನ ಜಾಗಕ್ಕೆ ಬಂದು ನಿಂತರು. ಅವನ ಅಂತ್ಯಕ್ರಿಯೆಯಲ್ಲಿ ನುಡಿಸಿದ್ದೂ ಇದೇ ರಚನೆಯನ್ನು.

ಹಿಂದಿನವನು ಮುಂದೆ ಬರುವುದು ನ್ಯಾಯವೇ. ಆದರೆ ಅದು ಅವನೊಬ್ಬನ ಧೈರ್ಯದಿಂದ ಆಗುವ ಕೆಲಸವಲ್ಲ. ಅವನು ಬಿಟ್ಟುಹೋದ ಜಾಗವನ್ನು ಇಷ್ಟು ದಿನ ಮುಂದೆ ಇದ್ದವರು ಬಂದು ಹಿಡಿಯಬೇಕು. ಹಿಡಿಯಲು ಅವರಿಗೂ ಬರಬೇಕು. ಕವ್ವಾಲಿಯಲ್ಲಿ ಹಿಂದೆ ಕುಳಿತು ಚಪ್ಪಾಳೆ ತಟ್ಟುತ್ತ ದನಿಗೂಡಿಸುವವರನ್ನು ಹಮ್‌ನವಾ ಎನ್ನುತ್ತಾರೆ. ದನಿಯಲ್ಲಿ ಜೊತೆಗಾರ ಎಂದರ್ಥ. ಮುಖ್ಯ ಗಾಯಕನೂ ಒಮ್ಮೆ ಹಮ್‌ನವಾ ಆಗುವುದನ್ನು ಕಲಿಯಬೇಕು. ಯಾರಿಗೂ ಈ ಪಾಠವನ್ನು ಗಂಟೆಗಟ್ಟಲೆ ಅಭ್ಯಾಸ ಮಾಡಿಸಿದ್ದನ್ನು ನಾವು ಕಂಡಿಲ್ಲ. ಹಿಂದೆ ನಿಂತವರಿಗೆ ಮಾತ್ರ ಅದು ಹುಟ್ಟಿನಿಂದಲೇ ಬಂದಂತೆ ನಡೆದುಕೊಳ್ಳುತ್ತೇವೆ.

ಬರ್ಟನ್ನನ ತಂದೆ ರೇ ಬರ್ಟನ್ ತಮಗೆ ಬರುತ್ತಿದ್ದ ಮಗನ ಸಂಗೀತದ ಗೌರವಧನವನ್ನು ಕ್ಯಾಸ್ಟ್ರೋ ವ್ಯಾಲಿಯ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದರು. 2020ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ತಂದೆ, ಯಾರದೋ ಮಕ್ಕಳ ಕಾಲ ಕೆಳಗೆ ಸದ್ದಿಲ್ಲದೆ ನೆಲ ಹಾಸುತ್ತಿದ್ದರು. ಆ ಮಗನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಇದರಿಂದ ಸ್ವಲ್ಪ ಊಹಿಸಬಹುದು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಪುಸ್ತಕದ ವಿಷಯವನ್ನು ಆಪಾಗೆ ಹೇಳಿದೆವು. ಅವರು ನಕ್ಕುಬಿಟ್ಟರು. "ಹೆಸರು ಹಾಕಿದ್ರೆ ನಂಗೆ ಓದೋಕಾದ್ರೂ ಬರ್ತಿತ್ತಾ?" ಎಂದರು. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ ಆಪಾ ಓದಬಲ್ಲರು. ಕನ್ನಡದ ಕಥೆಯೊಂದನ್ನು ಓದುವಷ್ಟು ಅವರಿಗೆ ಬಾರದು. ಇಷ್ಟು ವರ್ಷಗಳಲ್ಲಿ ನಾವು ಒಂದು ಕಥೆಯನ್ನೂ ಅವರಿಗೆ ಓದಿ ಹೇಳಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಕಲಿಬೇಕು ಅಂತ ಆಸೆ ಉಂಟು. ಪಕ್ಕದ ಬೀದಿಯ ಟೀಚರಮ್ಮ ಹೇಳಿಕೊಡ್ತೀನಿ ಅಂತಾರೆ. ಸಂಜೆ ಬಿಡುವೇ ಆಗಲ್ಲ."

ಕೋಣೆಯಲ್ಲಿ ತಾಳದ ಯಂತ್ರ ನಿಂತಿತು. ಅಳಿಯ ಬಾಗಿಲಿಗೆ ಬಂದು, "ಸಂಜೆ ಅಡುಗೆ ನಾನು ನೋಡ್ಕೋತೀನಿ ಅಮ್ಮಿ" ಎಂದ. "ನಿಂಗೆ ಬೇಳೆ ಬೇಯಿಸೋಕೆ ಬರುತ್ತಾ?" ಎಂದರು ಆಪಾ. "ಬರಲ್ಲ. 60ರಿಂದ ಶುರು ಮಾಡ್ತೀನಿ" ಎಂದ.

ಇದು ನಾಲ್ಕು ತಿಂಗಳ ಹಿಂದಿನ ಮಾತು. ಬೇಳೆ ಎರಡು ಸಲ ತಳ ಹಿಡಿದಿದೆಯಂತೆ. ಅಳಿಯನ ಸೋಲೋ ಇನ್ನೂ ಪೂರ್ತಿಯಾಗಿಲ್ಲ, ಸಂಜೆಯ ಒಂದು ಗಂಟೆ ಕೈಬಿಟ್ಟು ಹೋದದ್ದರಿಂದ ಇನ್ನಷ್ಟು ತಡವಾಗುತ್ತದೆ. ಆಪಾ ಒತ್ತಕ್ಷರಗಳಿಗೆ ಬಂದಿದ್ದಾರೆ. ನಾವು ನಮ್ಮ ಸಂಕಲನದ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು ಬಂದಿದ್ದೇವೆ. ಮೊದಲ ಪುಟಗಳನ್ನು ಅವರು ಯಾವಾಗ ತಲುಪುತ್ತಾರೋ ಗೊತ್ತಿಲ್ಲ. ಕೃತಜ್ಞತೆಯ ಆ ಪಟ್ಟಿಯನ್ನು ಅವರು ಬೆರಳಿಟ್ಟು, ಅಕ್ಷರ ಕೂಡಿಸಿ, ಒಂದೊಂದೇ ಹೆಸರಾಗಿ ಓದುವ ದಿನ ನಾವು ಎದುರಿಗೆ ಕುಳಿತಿರಬೇಕು ಎಂದುಕೊಂಡಿದ್ದೇವೆ.